ಕೊರಾಲಿಯಾ ಹಡಗಿನ ಗೊಂಬೆ

ಮೈಲೂರ, ಬೀದರ
೫ ನವೆಂಬರ್ ೨೦೨೫

ಪ್ರೀತಿಯ ಹೀರಾಬಾಯಿ ಆಯಿಗೆ ಮನಿಷಾಳ ನಮಸ್ಕಾರಗಳು.

ಈ ಪತ್ರವನ್ನು ನೀವೊಬ್ಬರೇ ಓದಿಕೊಳ್ಳಿ. ಫೋನು ಸದಾ ನಿಮ್ಮ ಮಗ ಅಮೋಲ್ ಕಾಕಾರ ಕೈಯಲ್ಲೇ ಇರುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಹಳೆಯ ಹಡಗುಗಳಲ್ಲಿ ಪ್ರಯಾಣಿಕರಿಗೆ ನೆನಪಿಗೆಂದು ಮಾರುತ್ತಿದ್ದ ನಾವಿಕ ಗೊಂಬೆಗಳನ್ನು ಕೂಡಿಡುವ ಹುಚ್ಚು ನನಗೆ. ಹೈದರಾಬಾದ್, ಮುಂಬಯಿಯ ಗುಜರಿ ಅಂಗಡಿಗಳಲ್ಲಿ ಧೂಳು ಕುಡಿದು ತಂದವು. ಹದಿನಾರರ ರವಿವಾರ ಬೀದರಿನ ಕಾಲೇಜೊಂದರಲ್ಲಿ ಅವುಗಳ ಪ್ರದರ್ಶನವಿದೆ ಎಂದು ತಿಳಿದು, ಕಾಕಾ ತಾವಾಗಿಯೇ ಬಂದು ನಿಮ್ಮ ಮನೆಯ ಗೊಂಬೆ ಕೊಟ್ಟು ಹೋದರು. ನೀಲಿ ಮಖಮಲ್ಲಿನ ಅಂಗಿ, ತುಂಟ ನಗು, ಟೋಪಿಯ ಪಟ್ಟಿಯ ಮೇಲೆ ಮಾಸಿದ ಇಂಗ್ಲಿಷ್ ಅಕ್ಷರ.

ಕಾಕಾ ತೊಟ್ಟಿಲಲ್ಲಿದ್ದಾಗ, ೧೯೬೧ರಲ್ಲಿ, ಅವರ ತಂದೆ ಮಡೆಪ್ಪನವರು ಹಡಗಿನ ಕೆಲಸದಲ್ಲಿದ್ದಾಗಲೇ ತೀರಿಕೊಂಡರು, ಜೊತೆಯವನೊಬ್ಬ ಅವರ ಬಟ್ಟೆಗಂಟಿನೊಂದಿಗೆ ಈ ಗೊಂಬೆಯನ್ನೂ ತಂದುಕೊಟ್ಟ ಎಂದು ಅವರೇ ಹೇಳಿದರು. "ನಮ್ಮಪ್ಪ ಯಾವ ಹಡಗಿನ್ಯಾಗ ಸತ್ತ, ಅಷ್ಟ್ ಹುಡುಕಿಕೊಡ್ರಿ" ಎಂದು ಕೈ ಮುಗಿದರು.

ಹುಡುಕಿದೆ. ಹುಡುಕಬಾರದಿತ್ತು. ಟೋಪಿಯ ಪಟ್ಟಿಯ ಮೇಲಿರುವ ಹಡಗಿನ ಹೆಸರು ಕೊರಾಲಿಯಾ. ಅದು ಮೊದಲ ಸಲ ನೀರಿಗಿಳಿದದ್ದೇ ೧೯೬೮ರಲ್ಲಿ! ನನ್ನ ಹಾಗೆಯೇ ಗೊಂಬೆ ಕೂಡಿಡುವ ಮುಂಬಯಿಯ ಗೆಳತಿಯನ್ನೂ ಕೇಳಿದೆ, ಅವಳೂ ಅದನ್ನೇ ಹೇಳಿದಳು. ಪಟ್ಟಿಯನ್ನು ಆಮೇಲೆ ಯಾರೋ ಹೊಲಿದದ್ದೂ ಅಲ್ಲ. ೧೯೬೧ರಲ್ಲಿ ಹುಟ್ಟೇ ಇರದ ಹಡಗಿನ ಗೊಂಬೆಯನ್ನು ಕಳಿಸಿದವರು ಯಾರು, ಆಯಿ?

ಕಾಕಾ ದಿನಾ ಸಂಜೆ ಫೋನು ಮಾಡುತ್ತಾರೆ. ಇನ್ನೂ ಹುಡುಕುತ್ತಿದ್ದೇನೆ ಎಂದು ಸುಳ್ಳು ಹೇಳಿ ಹೇಳಿ ಸಾಕಾಗಿದೆ. ಔರಾದಿನ ಬೀಗರನ್ನೂ ಪ್ರದರ್ಶನಕ್ಕೆ ಕರೆದಿದ್ದಾರೆ. ಗೊಂಬೆಯ ಮುಂದಿನ ಚೀಟಿಯಲ್ಲಿ ತಂದೆಯ ಹೆಸರು, ಹಡಗಿನ ಹೆಸರು ಎರಡೂ ಇರಬೇಕಂತೆ. ಬರೆದರೆ ತಿಳಿದವರೊಬ್ಬರು ಬಂದರೂ ಸಾಕು, ಎಲ್ಲರೆದುರು ನಿಮ್ಮ ಮಾತು ಸುಳ್ಳಾಗುತ್ತದೆ. ಎಂಥ ಪೇಚಿಗೆ ಸಿಕ್ಕಿಕೊಂಡೆನಪ್ಪಾ! ಅಕ್ಷರಗಳು ಓದಲಾಗದಷ್ಟು ಅಳಿಸಿಹೋಗಿವೆ ಎಂದುಬಿಡಲೇ? ನೀವು ಹೇಳಿದಂತೆ ಮಾಡುತ್ತೇನೆ. ಕಾಕಾಗೆ ಮಾತ್ರ ಈ ಪತ್ರ ತೋರಿಸಬೇಡಿ.

ನಿಮ್ಮ
ಮನಿಷಾ

ಸಾಯಗಾಂವ, ತಾ. ಭಾಲ್ಕಿ
೧೧ ನವೆಂಬರ್ ೨೦೨೫

ಮಗಳು ಮನಿಷಾಗ ಹೀರಾಬಾಯಿ ಮಾಡುವ ಆಶೀರ್ವಾದ.

ನಿನ್ನ ಪತ್ರ ಮುಟ್ಟಿತವ್ವ. ಅಮೋಲ್ ತೊಟ್ಟಿಲದಾಗ ಇದ್ದಾಗ ಹಡಗಿನ್ಯಾಗ ಅವನ ಜೊತಿಗಿದ್ದಾಂವ ಒಬ್ಬ ಬಂದು, ಮಡೆಪ್ಪ ಹೊರದೇಶದಾಗೇ ಇನ್ನೊಂದು ಸಂಸಾರ ಹೂಡ್ಯಾನ, ಇನ್ನ ದಾರಿ ಕಾಯಬ್ಯಾಡ ಅಂದ. ಗಂಡ ಬಿಟ್ಟಾಕಿ ಅಂತ ಊರ ಮಂದಿ ಬಾಯಾಗ ಬೀಳೂದಕ್ಕಿಂತ ಗಂಡ ಸತ್ತಾಕಿ ಆಗೂದು ಪಾಡ ಅನಿಸ್ತು. ನಾನೇ ಬಳಿ ಒಡಕೊಂಡೆ. ಅಮೋಲ್ ಸಾಲಿಗಿ ಹೋಗುವಾಗ ಈ ಗೊಂಬಿ ಬಂತು, ಮಗನಿಗಿ ಕೊಡು ಅಂತ. ಸಂದೂಕದಾಗ ಮುಚ್ಚಿಟ್ಟೆ. ದೊಡ್ಡಾಂವ ಆಗಿ ಕೇಳಿದಾಗ, ಬಟ್ಟಿ ಗಂಟಿನ ಸಂಗಟ ಬಂದಿತ್ತಂದೆ. ಒಲಿಗಿ ಹಾಕಬೇಕಂತಿದ್ದೆ, ಕೈ ಬರಲಿಲ್ಲ. ಅಪ್ಪ ಅಂತ ಅವ ಕಳಿಸಿದ್ದು ಅದೊಂದೇ.

ತಪ್ಪು ಮಾಡೀನಿ ಅಂತ ನನಗ ಅನಿಸಂಗಿಲ್ಲ. ಕೂಸಿನ್ನ ಕಟಕೊಂಡು ಕುರಿ ಕಾಯ್ದಾಕಿ ನಾನು. ಹಡಗಿನ ಹೆಸರು ಬರಿ, ಯಾಕ ಅಳಸ್ತಿ? ಬಚ್ಚಿಟ್ಟು ಬಚ್ಚಿಟ್ಟು ನನಗೂ ಸಾಕಾಗ್ಯಾದ.

ಹೀರಾಬಾಯಿ
(ಹೆಬ್ಬೆಟ್ಟಿನ ಗುರುತು)

ತಾ.ಕ.: ಅವ್ವಗ ಓದಾಕ ಬರಂಗಿಲ್ರಿ. ನಿಮ್ಮ ಪತ್ರ ಆಕಿಗಿ ಓದಿ ಹೇಳಿದಾಂವ ನಾನೇ. ಮ್ಯಾಲಿಂದೆಲ್ಲಾ ಆಕಿ ಹೇಳ್ಯಾಳ, ನಾನು ಬರದೀನಿ. ರವಿವಾರ ಆಕಿನ್ನೂ ಕರಕೊಂಡು ಬರ್ತೇನಿ. ಚೀಟಿ ಮ್ಯಾಲ ಅಪ್ಪನ ಹೆಸರು ಬ್ಯಾಡ್ರಿ. ಸಾಯಗಾಂವ ಹೀರಾಬಾಯಿ ಅವರ ಗೊಂಬಿ ಅಂತ ಬರೀರಿ. – ಅಮೋಲ್