ಮರಿ ಕೋಬಿ ಮತ್ತು ಇನ್ನೊಂದು ಮಾತು

ಗುಂಜೋಟಿ
೧೬ ಜನವರಿ ೨೦೧೨

ಮುದ್ದು ಯೋಗಿತಾಗೆ,

ನಿನ್ನ ಪತ್ರ ಬಂದು ಹದಿನೆಂಟು ದಿನವಾಯಿತು. ತಡವಾಯಿತೆಂದು ಸಿಟ್ಟಾಗಬೇಡ, ತಾಯಿ. ನೀನು ಎರಡು ಮಾತು ಕೇಳಿದ್ದೀ: ನಾನು ಕಳಿಸಿದ ಮರಿ ಕೋಬಿ ಹೇಗೆ ಬೇಯಿಸಬೇಕು, ೧೯೯೩ರ ಭೂಕಂಪದ ವರ್ಷ ಇಬ್ಬರು ಹೆಣ್ಣುಮಕ್ಕಳಲ್ಲಿ ನಿನ್ನನ್ನೇ ಯಾಕೆ ಉದಗೀರದ ದೊಡ್ಡವ್ವನಿಗೆ ಸಾಕಲು ಕೊಟ್ಟೆ. ಸುಲಭದ್ದನ್ನು ಮೊದಲು ಹೇಳುತ್ತೇನೆ.

ಅದರ ಹೆಸರು ಬ್ರಸೆಲ್ಸ್ ಸ್ಪ್ರೌಟ್ಸ್ ಅಂತೆ. ನಿನ್ನ ಅಪ್ಪ ನಿಲಂಗಾದಿಂದ ಸಸಿ ತಂದು, ಸಾದಾ ಎಲೆಕೋಬಿ ಎಂದೇ ಹಚ್ಚಿದರು. ದಂಟಿನ ಸುತ್ತ ಗುಂಡು ಮೊಗ್ಗು ಬಂದಾಗ, "ಇವು ರಸ ಹೀರ್ತಾವ. ಕಿತ್ತು ಒಗಿ, ಮ್ಯಾಲಿನ ಗಡ್ಡಿ ತುಂಬ್ಲಿ" ಅಂದರು. ದಿನವೂ ಕಿತ್ತೆ. ಮೇಲೆ ಗಡ್ಡೆ ಕಟ್ಟಲೇ ಇಲ್ಲ. ಸಸಿ ಕೊಟ್ಟ ದಿಗಂಬರ ಬಂದು ನೋಡಿ ಹಣೆ ಬಡಿದುಕೊಂಡ: "ಅಯ್ಯ ವೈಜನಾಥಣ್ಣ, ಆ ಸಣ್ಣವೇ ಖರೇ ಬೆಳಿ ರೀ!" ಉಳಿದವುಗಳಲ್ಲಿ ಒಂದಿಷ್ಟು ನಿನಗೆ ಕಳಿಸಿದೆ.

ನೀರಲ್ಲಿ ಬಹಳ ಕುದಿಸಬೇಡ, ಮನೆಯೆಲ್ಲ ನಾತ ಹೊಡೆಯುತ್ತದೆ. ಎರಡು ಹೋಳು ಮಾಡಿ, ಸಾಸಿವೆ ಒಗ್ಗರಣೆಯಲ್ಲಿ ಅಂಚು ಕೆಂಪಾಗುವವರೆಗೆ ಹುರಿದು, ಕುಟ್ಟಿದ ಶೇಂಗಾ ಹಿಂಡಿ ಉದುರಿಸು. ಇಲ್ಲವೇ ಬದನೆಕಾಯಿಯಂತೆ ಸೀಳಿ ಎಳ್ಳಿನ ಮಸಾಲೆ ತುಂಬು. ಕಡಲೆಹಿಟ್ಟು ಹಾಕಿ ಝುಣಕವನ್ನೂ ಮಾಡಬಹುದು. ನನಗೆ ಮಾತ್ರ ಕೆಂಡದಲ್ಲಿ ಸುಟ್ಟು ಉಪ್ಪು ಹಚ್ಚಿದ್ದೇ ರುಚಿ. ಮುಂಜಾನೆ ಹೊಲದ ಮಂಜೂ ಒಲೆಯ ಹೊಗೆಯೂ ಒಂದಾದಾಗ, ಮೂರು ವರ್ಷದ ನೀನು ಎದುರಿಗೆ ಕೂತು ಬಾಯಿ ತೆರೆದಂತೆ ಕಾಣುತ್ತದೆ. ಸುಟ್ಟ ಕೋಬಿಯನ್ನು ನಿನಗೆಂದು ಊದಿ ಆರಿಸುತ್ತ ಕೂತುಬಿಡುತ್ತೇನೆ. ನಿನ್ನೆ ಹಾಗೇ ಎರಡು ರೊಟ್ಟಿ ಹೊತ್ತಿಹೋದವು. "ಏನವ್ವ, ಎಚ್ಚರಿದ್ದೀಯೋ ಇಲ್ಲೋ?" ಎಂದು ನಿನ್ನ ಅಕ್ಕ ಸುಗಂಧಾ ನಕ್ಕಳು.

ದೊಡ್ಡವ್ವನಿಗೆ ಶರಣು ಹೇಳು. ಉಂಡು ತಿಂದು ಗಟ್ಟಿಯಾಗಿರು. ಬಸವಣ್ಣ ನಿನ್ನನ್ನು ನೆರಳಲ್ಲಿಡಲಿ.

ನಿನ್ನ ಅವ್ವ,
ಸುಮಂಗಲಾ

ತಾ.ಕ.: ಎರಡನೆಯ ಮಾತು. ಮನೆ ಬಿದ್ದಿತ್ತು, ತಗಡಿನ ಶೆಡ್ಡಿನಲ್ಲಿದ್ದೆವು. ಇಬ್ಬರನ್ನೂ ಸಾಕುವ ಧೈರ್ಯ ನನಗಿರಲಿಲ್ಲ. ದೊಡ್ಡವ್ವ ಬಂದಾಗ ಸುಗಂಧಾ ನನ್ನ ಸೆರಗು ಹಿಡಿದು ಚೀರಿದಳು. ನೀನು ಸುಮ್ಮನೆ ಹೋಗಿ ದೊಡ್ಡವ್ವನ ತೊಡೆಯ ಮೇಲೆ ಕೂತೆ. ಅಳದ ಕೂಸಿಗೆ ನೋವಾಗುವುದಿಲ್ಲ ಅಂದುಕೊಂಡು ನಿನ್ನನ್ನು ಕೊಟ್ಟೆ. ತಿಂಗಳಾದ ಮೇಲೆ ದೊಡ್ಡವ್ವ ಹೇಳಿದಳು: "ಸುಮಂಗಲಾ, ಬಸ್ಸಿನ ಸಪ್ಪಳ ಕೇಳಿದಾಗೊಮ್ಮಿ ಈ ಕೂಸು ಬಾಗಲಾಗ ಹೋಗಿ ನಿಂದರ್ತದ." ಆಗಲೂ ನಾನು ಕರೆದೊಯ್ಯಲು ಬರಲಿಲ್ಲ. ತಪ್ಪು ನನ್ನದೇ, ಯೋಗಿತಾ. ಮರಿ ಕೋಬಿಯ ಒಂದು ಗಿಡವನ್ನು ಮೊಗ್ಗು ಕೀಳದೆ, ನೀನು ಬಂದಾಗ ಇರಲೆಂದು ಬಿಟ್ಟಿದ್ದೇನೆ. ಈಗ ಉದಗೀರದ ಬಸ್ಸು ಬಂದಾಗೊಮ್ಮೆ ನಾನು ಬಾಗಿಲಲ್ಲಿ ಹೋಗಿ ನಿಲ್ಲುತ್ತೇನೆ.