ಎಪ್ಪತ್ತರ ಕೆಳಗೆ

ಮಾರ್ಚ್ 4, ಮಂಗಳವಾರ

ಬೆಳಿಗ್ಗೆ ಐದಕ್ಕೆ ಎದ್ದು ಕಾರಿನ ಚಾರ್ಜರ್ ಕಿತ್ತೆ. ನೂರು. ಸೀತೂರಿಂದ ಶಿವಮೊಗ್ಗಕ್ಕೆ ಹೋಗಿ ಬರಲು ನೂರಾ ಇಪ್ಪತ್ತು ಕಿಲೋಮೀಟರ್. ಅಂಗಳಕ್ಕೆ ವಾಪಸ್ ಬಂದಾಗ ಉಳಿದದ್ದು ಒಂಬತ್ತು ಪರ್ಸೆಂಟ್. ಹೋದ ವರ್ಷ ಮೂವತ್ತು ಉಳಿಯುತ್ತಿತ್ತು. ಕಂಪನಿಯವರು ಮುನ್ನೂರು ಓಡುತ್ತದೆ ಎಂದು ಬರೆದಿದ್ದರಂತೆ — ಯಾವ ಊರಿನ ರಸ್ತೆಯಲ್ಲೋ, ಯಾರನ್ನು ಕೂರಿಸಿಕೊಂಡೋ.

ಅತ್ತೆಗೆ ಡಯಾಲಿಸಿಸ್ ಸುಸೂತ್ರವಾಗಿ ಆಯಿತು. ಮಂಗಳವಾರ, ಶುಕ್ರವಾರ... ಎರಡು ವರ್ಷದಿಂದ ಇದೇ. ಅವರಿಗೆ ಡೀಸೆಲ್ ವಾಸನೆ ಬಂದರೆ ಊರು ದಾಟುವ ಮೊದಲೇ ವಾಂತಿ. ಬಸ್ಸು, ಜೀಪು ಎಂತದೂ ಆಗದು. ಅದಕ್ಕೇ ತಾನೇ ಈ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು ತಂದದ್ದು. ಬೆಂಗಳೂರಿನಲ್ಲಿ ಟ್ಯಾಕ್ಸಿ ಓಡಿಸಿ ಹಿಂಡಿ ಹಿಪ್ಪೆ ಮಾಡಿದ ಗಾಡಿ ಎಂದು ತಂದ ಮೇಲೆ ಗೊತ್ತಾಯಿತು.

ಶಿವಮೊಗ್ಗದಲ್ಲಿ ಚಾರ್ಜ್ ಮಾಡಬಹುದು. ಆದರೆ ಅತ್ತೆಯನ್ನು ಮಿಷನ್ ಪಕ್ಕ ಒಬ್ಬರನ್ನೇ ಬಿಟ್ಟು ಎಲ್ಲೋ ಕ್ಯೂ ನಿಲ್ಲಲು ಮನಸ್ಸು ಬರುವುದಿಲ್ಲ.

ಮಾರ್ಚ್ 9, ಭಾನುವಾರ

ಕೊಪ್ಪದ ಕಾರ್ ಬ್ರೋಕರ್ ಪ್ರಸನ್ನಕುಮಾರ್ ಬಂದಿದ್ದರು. ಈ ಕಾರು ಕೊಟ್ಟು ಬೇರೆ ತಗೊಳ್ಳೋಣ ಎಂದು ನಮ್ಮನೆಯವರೇ ಕರೆದದ್ದು. ಆಸಾಮಿ ಬಾನೆಟ್ ಕೂಡ ಎತ್ತಿಸಲಿಲ್ಲ.

"ಬ್ಯಾಟ್ರಿ ಹೆಲ್ತ್ ಎಷ್ಟದೆ ರಾಕೇಶ?"

ಇವರು ಮೊಬೈಲ್ ತೋರಿಸಿದರು. ಸ್ಟೀರಿಂಗ್ ಕೆಳಗೆ ಬೆರಳಷ್ಟುದ್ದದ ಡಾಂಗಲ್ ಸಿಕ್ಕಿಸಿದ್ದಾರೆ, ಬ್ಯಾಟರಿಯ ಆರೋಗ್ಯ ಆ್ಯಪ್‌ನಲ್ಲಿ ಬರುತ್ತದೆ. 72.4.

"ಎರಡು ಲಕ್ಷ ಕೊಡ್ತೀನಿ. ಅದೂ ನಿನ್ನ ಮುಖ ನೋಡಿ."

ಐದೂವರೆ ಕೊಟ್ಟು ತಂದ ಗಾಡಿ. ಹೊಸ ಬ್ಯಾಟರಿಗೆ ಅದಕ್ಕಿಂತ ಜಾಸ್ತಿ. ಸಿಟ್ಟು ಬಂದು ಸಕ್ಕರೆ ಹಾಕದೆ ಕಾಫಿ ಕೊಟ್ಟೆ. ಪೂರ್ತಿ ಕುಡಿದರು. ಹೋಗುವಾಗ ಒಂದು ಮಾತು ಬಿಟ್ಟು ಹೋದರು.

"ಎಪ್ಪತ್ತರ ಕೆಳಗೆ ಇಳಿದ್ರೆ ಕಂಪ್ನಿಯೋರೇ ಹೊಸ ಬ್ಯಾಟ್ರಿ ಹಾಕ್ಕೊಡ್ಬೇಕು ಮಾರಾಯ. ವಾರಂಟಿ ನೋಡು. ಒಂದು ಲಕ್ಷದ ಅರವತ್ತು ಸಾವಿರ ಕಿಲೋಮೀಟ್ರು ಆಗೋದ್ರೊಳಗೆ ಇಳೀಬೇಕು, ಅಷ್ಟೆ."

ಮೂವರೂ ಬಗ್ಗಿ ಮೀಟರ್ ನೋಡಿದೆವು. 1,58,240.

ಮಾರ್ಚ್ 12, ಬುಧವಾರ

ಇವರ ತಲೆಗೆ ಹುಳ ಹೊಕ್ಕಿದೆ. ಕೊಪ್ಪದಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟ ಮನುಷ್ಯ, ಸುಟ್ಟದ್ದನ್ನು ಸರಿ ಮಾಡುವುದೇ ಕಸುಬು. ಈಗ ಇರುವುದನ್ನು ಕೆಡಿಸಲು ಕೂತಿದ್ದಾರೆ. ಇದೇ ಕಾರಿನವರ ವಾಟ್ಸ್ಆ್ಯಪ್ ಗ್ರೂಪ್ ಒಂದಿದೆ. ಬ್ಯಾಟರಿ ಬಾಳಿಕೆ ಬರಬೇಕಾದರೆ ಏನೇನು ಮಾಡಬಾರದು ಎಂದು ಅದರಲ್ಲಿ ಹಾಕುತ್ತಾರೆ. ಅದನ್ನು ಒಂದೂ ಬಿಡದೆ ಮಾಡುತ್ತಿದ್ದಾರೆ.

ನೂರು ತುಂಬಿಸಿ ಉರಿಬಿಸಿಲಿಗೆ ನಿಲ್ಲಿಸುವುದು. ನಾಲ್ಕೂ ಬಾಗಿಲು ತೆಗೆದಿಟ್ಟು ಎ.ಸಿ. ಹಾಕಿ ಇಪ್ಪತ್ತಕ್ಕೆ ಇಳಿಸುವುದು. ಬಿಸಿ ಆರುವ ಮೊದಲೇ ಕೊಪ್ಪದ ಬಂಕಿಗೆ ಹೋಗಿ ಫಾಸ್ಟ್ ಚಾರ್ಜರ್ ಜಡಿಯುವುದು. ಅಂಗಳಕ್ಕೇ ಎ.ಸಿ.! ಪಕ್ಕದ ಮನೆ ನಾಯಿ ಬಂದು ಬಾಗಿಲ ಬುಡದಲ್ಲಿ ಮಲಗುತ್ತದೆ.

"ಇದು ಮೋಸ ಅಲ್ವೇನ್ರೀ?"

"ಮುನ್ನೂರು ಹೋಗ್ತದೆ ಅಂತ ಬರ್ದಿದ್ದು ಎಂತದು ಹಂಗಾರೆ?"

"ನೀವು ಒಂದೊಂದು ಪಾಯಿಂಟ್ ಇಳ್ಸಿದ ಹಂಗೆ ನನ್ನ ದಾರಿನೂ ಕಮ್ಮಿ ಆಗ್ತದೆ. ಕಾಡಲ್ಲಿ ನಿಂತ್ರೆ ಅತ್ತೆನ ಎತ್ಕೊಂಡು ಹೋಗ್ಲಾ?"

ಇವರು ಮೊಬೈಲ್ ನೋಡಿದರು. 72.1.

ಮಾರ್ಚ್ 19, ಬುಧವಾರ

ಅತ್ತೆಗೆ ಹೊಸ ಜಾಗ ಸಿಕ್ಕಿದೆ. ಹೇಗೂ ಎ.ಸಿ. ಓಡುತ್ತದಲ್ಲ ಎಂದು ಮಧ್ಯಾಹ್ನ ಕಾರಿನ ಮುಂದಿನ ಸೀಟಿನಲ್ಲಿ ಕೂತು ಸೊಪ್ಪು ಸೋಸುತ್ತಾರೆ. ನಾನು ಜಗಲಿಯಲ್ಲಿ ಬ್ಲೌಸ್ ಹೊಲಿಯುತ್ತಾ ಅವರನ್ನು ನೋಡಿ ನಕ್ಕೆ. ವಸಂತಮ್ಮನವರ ಸವಾರಿ ಎಲ್ಲಿಗೆ ಎಂದರೆ "ಶೃಂಗೇರಿಗೆ ಕಣೇ, ಶಾರದಮ್ಮನ್ನ ನೋಡಕ್ಕೆ" ಎಂದರು.

ಆಮೇಲೆ ಕೇಳಿದರು. "ಈ ಸಣ್ಣ ನಂಬ್ರ ಎಂತದೇ? ದಿನಾ ಬದ್ಲಾಗ್ತದೆ."

ಹೇಳಿದೆ. ಇದು ಗಾಡಿ ಇಲ್ಲಿಯವರೆಗೆ ಓಡಿದ್ದು. ಇದು ಒಂದು ಲಕ್ಷದ ಅರವತ್ತು ಸಾವಿರ ಮುಟ್ಟಿದರೆ ಕಂಪನಿಯವರು ಬ್ಯಾಟರಿ ಕೊಡುವುದಿಲ್ಲ. ಅತ್ತೆ ಕನ್ನಡಕ ಏರಿಸಿ ಓದಿದರು. ನಾಲ್ಕನೇ ಕ್ಲಾಸು ಓದಿದವರು, ಲೆಕ್ಕದಲ್ಲಿ ಗಟ್ಟಿ.

"ಶಿವಮೊಗ್ಗಕ್ಕೆ ಹೋಗ್ಬಂದ್ರೆ ಎಷ್ಟು ಏರ್ತದೆ?"

"ನೂರಿಪ್ಪತ್ತು."

ಬೆರಳು ಮಡಿಚಿ ಎಣಿಸಿ, ಮತ್ತೆ ಸೊಪ್ಪು ಸೋಸಿದರು.

ಮಾರ್ಚ್ 28, ಶುಕ್ರವಾರ

ಇವತ್ತು ಜೀವ ಬಾಯಿಗೆ ಬಂದಿತ್ತು. ವಾಪಸ್ ಬರುವಾಗ ಉಂಬ್ಳೆಬೈಲು ದಾಟಿದ ಮೇಲೆ ಒಂದೇ ಸಲ ಇಪ್ಪತ್ತೊಂದರಿಂದ ಹದಿನಾಲ್ಕಕ್ಕೆ ಬಿತ್ತು. ಕಾಡು. ನೆಟ್‌ವರ್ಕ್ ಇಲ್ಲ. ಎ.ಸಿ. ಆಫ್, ರೇಡಿಯೋ ಆಫ್. ಲಾರಿಯೊಂದರ ಹಿಂದೆ ನಲವತ್ತರಲ್ಲಿ ತೆವಳಿಕೊಂಡು ಬಂದೆ. ಅತ್ತೆ ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತಲೇ ಇದ್ದರು. ಮನೆ ಮುಟ್ಟಿದಾಗ ಎರಡು ಪರ್ಸೆಂಟ್.

ಇವರು ಓಡಿ ಬಂದು ಮೊದಲು ಆ್ಯಪ್ ನೋಡಿದರು. 70.9. ಖುಷಿ! ನನಗೆ ಚಪ್ಪಲಿ ತೆಗೆದು ಎಸೆಯುವಷ್ಟು ಸಿಟ್ಟು ಬಂತು.

ಮಾರ್ಚ್ 30, ಯುಗಾದಿ

ಬೇವು ಬೆಲ್ಲ ಕೈಯಲ್ಲಿ ಹಿಡಿದೇ ಆ್ಯಪ್ ನೋಡುತ್ತಿದ್ದರು. 70.7.

ಏಪ್ರಿಲ್ 8, ಮಂಗಳವಾರ

69.7.

ಮೂರು ಸಲ ನೋಡಿದೆವು. ಇವರು ಅಂಗಳದಲ್ಲೇ ಕುಣಿದರು. ನಿಜ ಹೇಳಬೇಕೆಂದರೆ ನಾನೂ ನಕ್ಕೆ. ಹೊಸ ಬ್ಯಾಟರಿ ಬಂದರೆ ಹೋಗಿ ಬಂದು ಇನ್ನೂ ನಲವತ್ತು ಉಳಿಯುತ್ತದೆ. ಅತ್ತೆ ಇರುವಷ್ಟು ಕಾಲ ಈ ದಾರಿಯ ಹೆದರಿಕೆ ಇಲ್ಲ. ನನಗೆ ಬೇಕಾದದ್ದು ಅಷ್ಟೇ.

ಮೀಟರ್ 1,59,972. ಉಳಿದದ್ದು ಇಪ್ಪತ್ತೆಂಟೇ ಕಿಲೋಮೀಟರ್. ಕಂಪನಿಯವರು ತಾವೇ ನೋಡಿದ ದಿನದ ಮೀಟರೇ ಲೆಕ್ಕವಂತೆ; ಬ್ಯಾಟರಿ ಬಿಚ್ಚಿ ನೋಡುವವರು ಇರುವುದು ಮಂಗಳೂರಿನಲ್ಲಿ. ಹದಿನೇಳನೇ ತಾರೀಕಿಗೆ ಟೈಮ್ ಕೊಟ್ಟಿದ್ದಾರೆ. ಲಾರಿ ಮೇಲೆ ಹೇರಿಕೊಂಡು ಕೊಪ್ಪ, ಶೃಂಗೇರಿ ಮೇಲಿಂದ ಘಾಟಿ ಇಳಿಸುವುದು. ಅಲ್ಲಿಯವರೆಗೆ ಕಾರು ಒಂದಡಿ ಅಲ್ಲಾಡಬಾರದು.

ಈಗ ಅದರ ಮೇಲೆ ಎಲ್ಲಿಲ್ಲದ ಪ್ರೀತಿ. ನಿಲ್ಲಿಸಿಟ್ಟ ಗಾಡಿಗೆ ಅರ್ಧ ಚಾರ್ಜ್ ಒಳ್ಳೆಯದಂತೆ. ಅಷ್ಟೇ ಇಟ್ಟು, ಮೇಲೆ ಕಂಬಳಿ ಬೇರೆ ಹೊದಿಸಿದ್ದಾರೆ.

ಏಪ್ರಿಲ್ 11, ಶುಕ್ರವಾರ

ಊರಲ್ಲಿ ಬಾಡಿಗೆ ಓಡಿಸುವ ಬಸವೇಶನ ಜೀಪಿನಲ್ಲಿ ಅತ್ತೆಯನ್ನು ಕರೆದುಕೊಂಡು ಹೋದೆ. ಬರೆಯಲು ಮನಸ್ಸಿಲ್ಲ. ಮುತ್ತಿನಕೊಪ್ಪ ಬರುವಷ್ಟರಲ್ಲಿ ಮೂರು ಸಲ ವಾಂತಿ. ಆಸ್ಪತ್ರೆ ಮುಟ್ಟುವಾಗ ಬಿ.ಪಿ. ಪಾತಾಳಕ್ಕೆ. ಒಂದು ಗಂಟೆ ಮೊದಲೇ ಮಿಷನ್ ನಿಲ್ಲಿಸಿಬಿಟ್ಟರು. ವಾಪಸ್ ಬರುವಾಗ ನನ್ನ ತೊಡೆಯ ಮೇಲೆ ತಲೆ ಇಟ್ಟಿದ್ದರು. ಇಷ್ಟೇ ಇಷ್ಟು ತೂಕ.

ಬಸವೇಶ ಪಾಪ, ದುಡ್ಡು ಬೇಡ ಎಂದ.

ಏಪ್ರಿಲ್ 14, ಸೋಮವಾರ

ಊಟದ ಹೊತ್ತಿಗೆ ಜಗಳ. ನಾಳೆ ಕಾರಲ್ಲೇ ಹೋಗುವುದು ಎಂದೆ.

"ಮೂರು ದಿನ ಕಣೇ! ಮೂರೇ ದಿನ ತಡ್ಕೊಂಡ್ರೆ ಆರು ಲಕ್ಷದ ಬ್ಯಾಟ್ರಿ. ಒಂದ್ಸಲ ಜೀಪಲ್ಲಿ ಹೋಗಿ."

"ಹೋದ್ಸಲ ನೀವು ನೋಡಿಲ್ಲ. ನಾನು ನೋಡಿದೀನಿ. ನಿಮ್ಮಮ್ಮ ಅವ್ರು."

"ಅಮ್ಮಂಗೋಸ್ಕರನೇ ಮಾಡ್ತಿರೋದು ನಾನು! ಇನ್ನು ಇಷ್ಟು ವರ್ಷ ಹೆಂಗೆ ಓಡಾಡಿಸ್ತೀಯ ಈ ಡಬ್ಬದಲ್ಲಿ?"

ಇಬ್ಬರದೂ ಸರಿ. ಅದಕ್ಕೇ ಇಬ್ಬರ ದನಿಯೂ ಏರಿತು. ಅತ್ತೆ ಒಳಕೋಣೆಯಲ್ಲಿದ್ದರು. ಕೀ ನನ್ನ ತಲೆದಿಂಬಿನ ಅಡಿಯಲ್ಲಿ ಇಟ್ಟುಕೊಂಡಿದ್ದೇನೆ. ರಾತ್ರಿ ಕರೆಂಟಿಲ್ಲ; ಇರುವ ಅರ್ಧ ಚಾರ್ಜಿನಲ್ಲೇ ಹೋಗಿ ಅಲ್ಲಿ ತುಂಬಿಸಬೇಕು.

ಏಪ್ರಿಲ್ 15, ಮಂಗಳವಾರ

ಬೆಳಿಗ್ಗೆ ಹೊರಡಲು ಸೀರೆ ಉಟ್ಟು ಬಂದರೆ ಅತ್ತೆ ಆರಾಮಾಗಿ ಕೂತಿದ್ದಾರೆ.

"ಫೋನ್ ಬಂದಿತ್ತು ಕಣೇ. ನೀನು ಸ್ನಾನಕ್ಕೆ ಹೋಗಿದ್ದೆ. ಮಿಷನ್ ರಿಪೇರಿಯಂತೆ, ಶುಕ್ರವಾರವೇ ಬನ್ನಿ ಅಂದ್ರು."

ದೇವರೇ ಮಾಡಿದ ಹಾಗಾಯಿತು. ಇವರು ಪೇಟೆಯಿಂದ ಜಿಲೇಬಿ ತಂದರು. ಅತ್ತೆ ನೀರು ಕೂಡ ಅರ್ಧ ಲೋಟ ಕಡಿಮೆ ಕುಡಿದರು. ಯಾಕೆ ಎಂದರೆ ಬಾಯಾರಿಕೆ ಇಲ್ಲ ಎಂದರು.

ಏಪ್ರಿಲ್ 16, ಬುಧವಾರ. ಆಸ್ಪತ್ರೆ. ಮಧ್ಯಾಹ್ನ ಎರಡೂವರೆ

ಬ್ಲೌಸ್ ಅಳತೆ ಪುಸ್ತಕದ ಹಿಂದಿನ ಹಾಳೆ ಇದು. ಬ್ಯಾಗಿನಲ್ಲಿ ಇದೊಂದೇ ಇತ್ತು. ಬರೆಯುತ್ತಾ ಕೂತರೆ ಹೊತ್ತಾದರೂ ಹೋಗುತ್ತದೆ.

ಬೆಳಿಗ್ಗೆ ಕಾಫಿ ಕೊಡಲು ಹೋದರೆ ಅತ್ತೆ ಗೋಡೆಗೆ ಒರಗಿ ಕೂತಿದ್ದರು. ಮಲಗಿದರೆ ಉಸಿರು ಕಟ್ಟುತ್ತದಂತೆ. ಕಾಲು ಒತ್ತಿದೆ — ಬೆರಳಿನ ಗುಳಿ ಹಾಗೇ ಉಳಿಯಿತು. ಆಸ್ಪತ್ರೆಗೆ ಫೋನ್ ಮಾಡಿದರೆ ಸಿಸ್ಟರ್ ಬೈದರು.

"ನಿನ್ನೆ ಯಾಕ್ರೀ ಬರ್ಲಿಲ್ಲ? ಬೆಡ್ ಖಾಲಿ ಇಟ್ಕೊಂಡು ಕಾದ್ವಿ."

"ಮಿಷನ್ ರಿಪೇರಿ ಅಂತ ಫೋನ್..."

"ಯಾರೂ ಮಾಡಿಲ್ಲಮ್ಮ. ಎಲ್ಲೂ ನಿಲ್ಲಿಸ್ಬೇಡಿ, ನೇರ ಇಲ್ಲಿಗೆ ಬನ್ನಿ. ಬೇಗ."

ಅತ್ತೆಯ ಮುಖ ನೋಡಿದೆ. ಅವರು ಗೋಡೆ ಕಡೆ ತಿರುಗಿದರು. ಫೋನ್ ತೆಗೆದು ನೋಡಿದ್ದರೆ ನಿನ್ನೆಯೇ ಗೊತ್ತಾಗುತ್ತಿತ್ತು, ಯಾವ ಕರೆಯೂ ಬಂದಿಲ್ಲ ಎಂದು. ನೋಡಲಿಲ್ಲ. ನನಗೂ ಅದು ನಿಜವಾಗಿರಲಿ ಎಂದೇ ಇತ್ತಲ್ಲ.

ಬಸವೇಶ ಹೋಂಸ್ಟೇ ಗೆಸ್ಟ್‌ಗಳನ್ನು ಕರೆದುಕೊಂಡು ಶೃಂಗೇರಿಗೆ ಹೋಗಿದ್ದ. ಆಂಬುಲೆನ್ಸ್ ಬೇರೆ ಕೇಸಿಗೆ ಹೋಗಿತ್ತು, ಒಂದು ಗಂಟೆ ಆಗುತ್ತದೆ ಎಂದರು. ಕಾರು ಅಂಗಳದಲ್ಲಿ ಕಂಬಳಿ ಹೊದ್ದು ನಿಂತಿತ್ತು. ನಲವತ್ತೆಂಟು ಪರ್ಸೆಂಟ್. ಅರವತ್ತು ಕಿಲೋಮೀಟರ್ ದಾರಿಗೆ ಅರವತ್ತೊಂದು ತೋರಿಸುತ್ತಿತ್ತು.

ಅಂಗಡಿಯಲ್ಲಿದ್ದ ಇವರಿಗೆ ಫೋನ್ ಮಾಡಿದೆ. ಚಾರ್ಜ್ ಎಷ್ಟಿದೆ ಎಂದು ಕೇಳಿದರು. ಆಮೇಲೆ ಹೇಳಿದರು, "ತಗೊಂಡು ಹೋಗು. ಎ.ಸಿ. ಹಾಕ್ಬೇಡ. ನಾನು ಬೈಕಲ್ಲಿ ಬರ್ತೀನಿ."

ನಿಧಾನ ಹೋದರೆ ಮುಟ್ಟುತ್ತದೆ. ಜೋರು ಹೋದರೆ ಕಾಡಿನಲ್ಲಿ ನಿಲ್ಲುತ್ತದೆ. ಅತ್ತೆಯ ಉಸಿರಿನ ಗೊರಗೊರ ಕೇಳಿದಾಗ ಕಾಲು ತಾನೇ ಒತ್ತುತ್ತಿತ್ತು. ಪರ್ಸೆಂಟ್ ನೋಡಿದಾಗ ತಾನೇ ಸಡಿಲ ಆಗುತ್ತಿತ್ತು.

ಮುತ್ತಿನಕೊಪ್ಪದಲ್ಲಿ ಶಿವಮೊಗ್ಗದ ಬಸ್ಸು ನಿಂತಿತ್ತು. ಅತ್ತೆ ಕಣ್ಣು ಬಿಟ್ಟು ಮೀಟರಿನ ಕಡೆ ಬಗ್ಗಿದರು.

"ತೊಂಬತ್ತೊಂದು... ಇನ್ನು ಒಂಬತ್ತೇ ಕಣೇ... ಇಲ್ಲೇ ಇಳ್ಸು. ಬಸ್ಸಲ್ಲಿ ಹೋಗಾಣ."

ಬಸ್ಸಿನ ಹೊಗೆ ಕಂಡರೇ ಮೂಗಿಗೆ ಸೆರಗು ಒತ್ತುವ ಹೆಂಗಸು! ಬಾಗಿಲ ಹಿಡಿಕೆಗೆ ಕೈ ಹಾಕಿದರು.

"ಬಾಯಿ ಮುಚ್ಕೊಂಡು ಕೂತ್ಕೊಳಿ!"

ಮದುವೆಯಾಗಿ ಹದಿನಾಲ್ಕು ವರ್ಷ, ಅವರಿಗೆ ನಾನು ಏರು ದನಿಯಲ್ಲಿ ಮಾತಾಡಿದ್ದಿಲ್ಲ. ಕೈ ತೆಗೆದರು. ಕಿಟಕಿಗೆ ತಲೆ ಕೊಟ್ಟು ಕಣ್ಣು ಮುಚ್ಚಿದರು. ಆಮೇಲೆ ಕರೆದರೂ ಓಗೊಡಲಿಲ್ಲ. ಉಸಿರು ಮಾತ್ರ ಕೇಳುತ್ತಿತ್ತು, ಅದೊಂದನ್ನೇ ಕೇಳುತ್ತಾ ಓಡಿಸಿದೆ.

ಕಾಡಿನ ನಡುವೆ ಎಲ್ಲೋ ನಾಲ್ಕು ಸೊನ್ನೆ ಒಟ್ಟಿಗೆ ಬಂದವು. 1,60,000. ಒಂದು ಸದ್ದೂ ಆಗಲಿಲ್ಲ. ಅತ್ತೆ ನೋಡಲಿಲ್ಲ. ಆರು ಲಕ್ಷ ಹೋಯಿತಲ್ಲ ಎಂದು ಒಂದು ಕ್ಷಣ ಎದೆ ಧಸಕ್ ಎಂದದ್ದು ನಿಜ. ಮರುಕ್ಷಣ ಹಾಗೆ ಅನ್ನಿಸಿದ್ದಕ್ಕೇ ನನ್ನ ಮೇಲೆ ಅಸಹ್ಯವಾಯಿತು.

ಆಸ್ಪತ್ರೆ ಗೇಟಿನ ಹತ್ತಿರ ಮೀಟರಿನಲ್ಲಿ ಆಮೆಯ ಚಿತ್ರ ಬಂತು, ಇನ್ನು ಜೋರು ಹೋಗಲಾರೆ ಎಂದು. ಸೆಕ್ಯೂರಿಟಿಯವರೇ ಸ್ಟ್ರೆಚರ್ ತಂದರು. ಕೂಡಲೇ ಮಿಷನ್ ಹಾಕಿದರು.

ನಾಲ್ಕೂವರೆ

ನೀರು ತೆಗೆದಿದ್ದಾರೆ. ಉಸಿರು ಸಮ ಆಗಿದೆ. ಇನ್ನರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ರಾತ್ರಿ ಇರಬೇಕಾಗಿಲ್ಲ, ಆರು ಗಂಟೆಗೆ ನೋಡಿ ಕಳಿಸುತ್ತಾರಂತೆ.

ಇವರು ಬಂದಿದ್ದಾರೆ. ಕೆಳಗೆ ಹೋಗಿ ಕಾರು ನೋಡಿ ಬಂದರು. ಸ್ಟೂಲಿನ ಮೇಲೆ ಕೂತು ಅಮ್ಮನ ಪಾದ ಹಿಡಿದುಕೊಂಡು, "ಲಾರಿಯವನಿಗೆ ಬೇಡ ಅಂದೆ" ಎಂದರು. ಅಷ್ಟೇ. ನನಗೆ ಅಳು ತಡೆಯಲಾಗಲಿಲ್ಲ.

ಆಗಲೇ ಅತ್ತೆ ಕಣ್ಣು ಬಿಟ್ಟದ್ದು.

"ರಾಕೇಶ... ಮೀಟ್ರು ದಾಟಿತೇನೋ?"

ಇವರು ನನ್ನ ಮುಖ ನೋಡಿದರು. ಆಮೇಲೆ ಅಮ್ಮನ ಮುಖ.

"ಇಲ್ಲಮ್ಮ. ಇನ್ನೂ ಎರಡು ಕಿಲೋಮೀಟ್ರು ಇರ್ತಾ ನಯನ ನಿಲ್ಸಿದ್ಲು. ಅಲ್ಲಿಂದ ಆಂಬುಲೆನ್ಸಲ್ಲಿ ಬಂದಿದ್ದು. ನಿಂಗೆ ಎಚ್ಚರ ಇರ್ಲಿಲ್ಲ."

ಈ ಎರಡು ವರ್ಷದಲ್ಲಿ ಆ ಮುಖದಲ್ಲಿ ಅಂಥ ನಗು ನಾನು ಕಂಡಿಲ್ಲ. ಸೂಜಿ ಚುಚ್ಚಿದ ಕೈ ಬಿಟ್ಟು ಇನ್ನೊಂದು ಕೈಯಲ್ಲಿ ನನ್ನ ಮಣಿಕಟ್ಟು ಹಿಡಿದರು.

"ಜಾಣೆ ಕಣೇ ನೀನು. ಹಂಗಾರೆ ಮನೆಗೆ ಬಸ್ಸಲ್ಲೇ ಹೋಗಾಣ. ಒಂದೆರಡು ಪ್ಲಾಸ್ಟಿಕ್ ಕವರ್ ಇಟ್ಕೊ, ನಂಗೆ ಎಂತ ಆಗಲ್ಲ. ಆಧಾರ್ ಕಾರ್ಡ್ ತಂದಿದ್ಯಾ? ಸರ್ಕಾರಿ ಬಸ್ಸಾದ್ರೆ ನಮ್ಗೆ ಫ್ರೀ ಅಲ್ದನೇ?"

ಇವರು ಎದ್ದು ಹೊರಗೆ ಹೋದರು. ಕಾರು ಕೆಳಗೆ ಗೇಟಿನ ಪಕ್ಕದಲ್ಲೇ ನಿಂತಿದೆ. ಹೊರಗೆ ಕಾಲಿಟ್ಟ ಕೂಡಲೇ ಕಾಣುತ್ತದೆ. ಆರು ಗಂಟೆಯೊಳಗೆ ನಾನು ಹೇಳಲೇಬೇಕು. ಹೇಳಿದರೆ — ನಿನ್ನೆಯಿಂದ ಅವರು ಆ ಉಸಿರನ್ನೆಲ್ಲ ಹಲ್ಲು ಕಚ್ಚಿ ಹಿಡಿದದ್ದು ಯಾವುದಕ್ಕೂ ಆಗಲಿಲ್ಲ ಎಂದು ನನ್ನ ಬಾಯಿಂದಲೇ...

ಅತ್ತೆ ನನ್ನನ್ನೇ ನೋಡುತ್ತಿದ್ದಾರೆ. ಎಂತ ಬರೀತಿದ್ಯೇ ಎಂದು ಕೇಳುತ್ತಿದ್ದಾರೆ. ಬಸ್ಸಿನ ಟೈಮು ಬರ್ಕೊಳ್ತಿದೀನಿ ಅತ್ತೆ ಎಂದೆ.