ಮಿಲ್ಲಿನ ಪಾರಿವಾಳಗಳು

ಅಮ್ಮಾ,

ಎದುರಿಗೆ ನಿಂತರೆ ನಿನ್ನ ಮುಖ ನೋಡಿ ಮಾತು ನುಂಗಿಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ನಾಳೆ ನಮ್ಮ ಕೋಳಿ ಫೀಡ್ ಮಿಲ್ಲಿನ ಮೇಲಿನ ಕಿಟಕಿಗೆ ಜಾಲರಿ ಹೊಡೆಸುತ್ತೇನೆ.

ಹೋದ ವಾರ ಕೋಳಿ ಫಾರಂ ಅಕ್ಕ ಬುಟ್ಟಿ ತುಂಬ ಸತ್ತ ಮರಿಗಳನ್ನು ತಂದು ನನ್ನ ಮೇಜಿನ ಮೇಲಿಟ್ಟಳು. "ನಿಮ್ ಫೀಡೇ ತಿಂದಿದ್ದು, ನೋಡಮ್ಮ" ಅಂದಳು, ಅಷ್ಟೆ. ಬೈದಿದ್ದರೆ ವಾಸಿಯಿತ್ತು.

"ಹಬೇಲಿ ಬೆಂದಿದ್ರಲ್ಲಿ ಎಂಥ ರೋಗ?" ಅಂತೀಯ. ಬೇಯುವಾಗ ರೋಗಾಣು ಸಾಯುತ್ತದೆ, ನಿಜ. ಆದರೆ ಬೆಂದದ್ದನ್ನು ಆರಲು ಹರವುವುದು ಆ ಕಿಟಕಿಯಿಂದ ಬರುವ ಪಾರಿವಾಳಗಳು ಕೂರುವ ತೊಲೆಯ ಕೆಳಗೆ. ಅವುಗಳ ಹಿಕ್ಕೆ ಬೀಳುವುದೂ ಅಲ್ಲೇ. ಬಿಸಿ ಫೀಡಿನಲ್ಲಿ ಏನೂ ಇಲ್ಲ, ಆರಿದ್ದರಲ್ಲಿ ರೋಗಾಣು ಇದೆ ಎಂದು ಲ್ಯಾಬಿನವರು ಹೇಳಿದ್ದಾರೆ.

ಅಪ್ಪ ಹೋದಮೇಲೆ ದಿನಾ ಆ ಕಿಟಕಿಯಲ್ಲಿ ಕಾಳು ಹಾಕುತ್ತಾ ನೀನು ಅವುಗಳಿಗೆ ಮನೆ ಸುದ್ದಿಯೆಲ್ಲ ಹೇಳುವುದು ನನಗೆ ಕೇಳಿಸುತ್ತದೆ. ಆದರೂ ಜಾಲರಿ ಹೊಡೆಸಿಯೇ ಸಿದ್ಧ.

ಕಿಟಕಿಯ ಬಳಿಯಿದ್ದ ಅಪ್ಪನ ಕುರ್ಚಿ, ಕಾಳಿನ ಡಬ್ಬ ಎರಡನ್ನೂ ಮನೆಯ ಹಿತ್ತಿಲಲ್ಲಿ ಇಟ್ಟಿದ್ದೇನೆ. ಬಡಗಿ ಬರುವ ಮುಂಚೆ ನೀನು ಅಲ್ಲಿ ಕೂತು ಅವುಗಳನ್ನು ಕರಿ. ನಾನು ಕರೆದರೆ ಒಂದೂ ಕದಲುವುದಿಲ್ಲ. ಯಾವುದೂ ಮಿಲ್ಲಿನೊಳಗೆ ಸಿಕ್ಕಿ ಉಳಿಯಬಾರದು.

ನಿನ್ನ ಹಟಮಾರಿ ಮಗಳು